ಪುಣೆಯಲ್ಲಿ ಸೈಕಲ್ ಗುಂಪು ಸೇರುವವರಿಗೆ: ವಾಟ್ಸ್‌ಆ್ಯಪ್ ಸಂದೇಶದಿಂದ ಘಾಟಿನ ಇಳಿಜಾರಿನವರೆಗೆ

ಭಾನುವಾರ ಬೆಳಗ್ಗೆ ಆರು ಗಂಟೆಯೊಳಗೆ ಪುಣೆಯ ಯಾವ ದೊಡ್ಡ ರಸ್ತೆಗೆ ಹೋದರೂ ಸೈಕಲ್ ಗುಂಪುಗಳು ಕಣ್ಣಿಗೆ ಬೀಳುತ್ತವೆ. ಒಂದು ಕಾಲಕ್ಕೆ ಸೈಕಲ್‌ಗಳ ಊರೆಂದೇ ಹೆಸರಾಗಿದ್ದ ನಗರವಿದು. ಕಾರ್ಖಾನೆಗೂ ಕಾಲೇಜಿಗೂ ಜನ ಸೈಕಲ್ ಮೇಲೆಯೇ ಹೋಗುತ್ತಿದ್ದರು. ಆ ರಸ್ತೆಗಳನ್ನು ಸ್ಕೂಟರು, ಬೈಕುಗಳು ಆಕ್ರಮಿಸಿ ದಶಕಗಳೇ ಕಳೆದಿವೆ. ಈಗ ಸೈಕಲ್ ಮರಳಿ ಬಂದಿರುವುದು ಹೆಚ್ಚಾಗಿ ವಾರಾಂತ್ಯದ ಹವ್ಯಾಸವಾಗಿ, ಗುಂಪುಗುಂಪಾಗಿ.

ಕೆಲಸಕ್ಕೆಂದು ಹಿಂಜೆವಾಡಿಗೋ ಖರಾಡಿಗೋ ಬಂದು ನೆಲೆಸಿದ ನಮ್ಮವರಲ್ಲಿ ಉತ್ಸಾಹದಿಂದ ಸೈಕಲ್ ಕೊಂಡವರು ಬಹಳ. ಅದು ಬಾಲ್ಕನಿಯಲ್ಲೇ ಉಳಿದುಬಿಡುವುದೂ ಅಷ್ಟೇ ಸಾಮಾನ್ಯ. ಒಬ್ಬರೇ ಹೋಗಲು ದಾರಿ ಗೊತ್ತಿಲ್ಲ. ಗುಂಪಿನ ಜೊತೆ ಹೋಗಲು ಅಳುಕು. ‘ನಾನು ಹಿಂದೆ ಬಿದ್ದರೆ? ನನ್ನ ಸೈಕಲ್ ಸಾಧಾರಣದ್ದು, ಅವರದೆಲ್ಲ ಲಕ್ಷದ್ದು. ಮರಾಠಿ ಬೇರೆ ಸರಿಯಾಗಿ ಬರುವುದಿಲ್ಲ.’ ಈ ಮೂರರಲ್ಲಿ ಯಾವುದೂ ನಿಜವಾದ ಅಡ್ಡಿಯಲ್ಲ. ಗುಂಪು ಹೊಸಬರಿಂದ ಬಯಸುವುದು ಒಂದನ್ನೇ: ಹಿಂದೆ ಬರುತ್ತಿರುವವರಿಗೆ ನಿಮ್ಮ ಮುಂದಿನ ನಡೆ ಏನೆಂದು ಮೊದಲೇ ತಿಳಿಯಬೇಕು. ಕಾಲಿನ ಬಲ ತಿಂಗಳುಗಳಲ್ಲಿ ತಾನಾಗಿ ಬರುತ್ತದೆ. ಆದರೆ ಈ ಶಿಸ್ತು ಮೊದಲ ದಿನವೇ ಬೇಕು, ಮೊದಲ ದಿನವೇ ಕಲಿಯಲೂ ಸಾಧ್ಯ.

ಗುಂಪನ್ನು ಹುಡುಕುವುದು

ಮೊದಲು ನಿಮ್ಮ ಬಡಾವಣೆಯ ಸೈಕಲ್ ಅಂಗಡಿಯಲ್ಲಿ ವಿಚಾರಿಸಿ. ಗೇರ್ ಸೈಕಲ್ ಮಾರುವ ಅಂಗಡಿಯವರಿಗೆ ಆ ಭಾಗದಲ್ಲಿ ಯಾರು, ಯಾವ ದಿನ, ಎಲ್ಲಿಂದ ಹೊರಡುತ್ತಾರೆಂಬುದು ಗೊತ್ತಿರುತ್ತದೆ. ಕೆಲವರು ತಾವೇ ವಾರಾಂತ್ಯದ ಸವಾರಿ ಏರ್ಪಡಿಸುತ್ತಾರೆ. ಕೋಥರೂಡ್, ಔಂಧ್, ಬಾಣೇರ್, ನಿಗಡಿ, ಹಡಪಸರ ಹೀಗೆ ಬಡಾವಣೆಗೊಂದರಂತೆ ವಾಟ್ಸ್‌ಆ್ಯಪ್ ಗುಂಪುಗಳಿವೆ. ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ನಿಮ್ಮ ಹತ್ತಿರದ ಕ್ಲಬ್‌ಗಳನ್ನೂ ಹುಡುಕಬಹುದು. ಮನೆಯಿಂದ ಐದು ಕಿಲೋಮೀಟರ್ ಒಳಗೆ ಸೇರುವ ಗುಂಪನ್ನೇ ಆರಿಸಿಕೊಳ್ಳಿ. ಖರಾಡಿಯಲ್ಲಿದ್ದು ಕೋಥರೂಡಿನ ಗುಂಪು ಸೇರಿದರೆ, ಸವಾರಿ ಶುರುವಾಗುವ ಮೊದಲೇ ನಗರದ ಉದ್ದಗಲ ದಾಟಿ ದಣಿದಿರುತ್ತೀರಿ.

ಗುಂಪಿನ ಮುಖಂಡರನ್ನು ನಾಲ್ಕು ವಿಷಯ ಕೇಳಿ: ಎಷ್ಟು ದೂರ, ಎಷ್ಟು ಏರು, ಸರಾಸರಿ ವೇಗ ಎಷ್ಟು, ಹಿಂದೆ ಬಿದ್ದವರಿಗಾಗಿ ಕಾಯುತ್ತಾರೆಯೇ. ದೂರವೊಂದನ್ನೇ ನೋಡಿ ಲೆಕ್ಕ ಹಾಕಬಾರದು. ನಲವತ್ತು ಕಿಲೋಮೀಟರ್ ಸಪಾಟು ರಸ್ತೆಗೂ ನಡುವೆ ಘಾಟ್ ಇರುವ ನಲವತ್ತು ಕಿಲೋಮೀಟರಿಗೂ ಹೋಲಿಕೆಯೇ ಇಲ್ಲ. ಸರಾಸರಿ ವೇಗದಲ್ಲೂ ಒಂದು ಸೂಕ್ಷ್ಮವಿದೆ. ಸಿಗ್ನಲ್, ಉಬ್ಬು, ಏರುಗಳಲ್ಲಿ ನಿಧಾನವಾಗಿದ್ದೆಲ್ಲ ಸರಾಸರಿಯಲ್ಲಿ ಸೇರಿರುತ್ತದೆ. ಆದ್ದರಿಂದ ‘ಸರಾಸರಿ 22’ ಎನ್ನುವ ಗುಂಪು ಸಪಾಟಿನಲ್ಲಿ 26, 27ರಲ್ಲಿ ಓಡುತ್ತಿರುತ್ತದೆ. ಹೊಸಬರಿಗೆ ಸರಾಸರಿ 15ರಿಂದ 18ರ ಗುಂಪು ಸಾಕು. ನಾಲ್ಕನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಆ ಗುಂಪನ್ನು ಮುಂದೆಂದಾದರೂ ನೋಡೋಣ ಎಂದು ಬಿಟ್ಟುಬಿಡಿ. ಒಳ್ಳೆಯ ಗುಂಪಿನಲ್ಲಿ ಎಲ್ಲರಿಗಿಂತ ಕೊನೆಗೆ ಬರುವ ಹೊಣೆಯನ್ನು ಅನುಭವಿಯೊಬ್ಬರು ಹೊತ್ತಿರುತ್ತಾರೆ. ಅವರನ್ನು ಸ್ವೀಪ್ ಎನ್ನುತ್ತಾರೆ. ಸ್ವೀಪ್‌ಗಿಂತ ಹಿಂದೆ ಯಾರೂ ಉಳಿಯುವುದಿಲ್ಲ.

ಮೊದಲ ಸವಾರಿಗೆ ಖಡಕ್‌ವಾಸಲಾ ಅಣೆಕಟ್ಟಿನವರೆಗೆ ಹೋಗಿಬರುವುದು ಒಳ್ಳೆಯ ಆಯ್ಕೆ. ದೊಡ್ಡ ಏರಿಲ್ಲ, ಬೆಳಗ್ಗೆ ಬೇಗ ಹೊರಟರೆ ಸಿಂಹಗಡ ರಸ್ತೆಯ ವಾಹನದಟ್ಟಣೆಯೂ ತೊಂದರೆ ಕೊಡುವುದಿಲ್ಲ, ನೀರಿನ ಬದಿಯಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದು. ‘ಬನ್ನಿ, ಸಿಂಹಗಡಕ್ಕೇ ಹೋಗೋಣ’ ಎಂದು ಯಾರು ಎಷ್ಟೇ ಹುರಿದುಂಬಿಸಿದರೂ ಮೊದಲ ದಿನವೇ ಆ ಕೋಟೆಯ ಏರು ಬೇಡ.

ಅದಕ್ಕೂ ಮೊದಲು ಒಬ್ಬರೇ ಕಲಿಯಬೇಕಾದ್ದು

ಗುಂಪಿಗೆ ಹೋಗುವ ಮುನ್ನ 25, 30 ಕಿಲೋಮೀಟರ್ ಒಬ್ಬರೇ ಓಡಿಸಿ, ಮಾರನೆಯ ದಿನ ಮೈ ಹೇಗಿದೆ ನೋಡಿಕೊಳ್ಳಿ. ಜೊತೆಗೆ ಖಾಲಿ ರಸ್ತೆಯಲ್ಲಿ ಮೂರು ಅಭ್ಯಾಸ: ಒಂದು ಕೈಯಲ್ಲಿ ನೇರ ಓಡಿಸುವುದು, ಓಡಿಸುತ್ತಲೇ ಬಾಟಲಿ ತೆಗೆದು ನೀರು ಕುಡಿದು ಮತ್ತೆ ಸಿಕ್ಕಿಸುವುದು, ಹಿಂದಿರುಗಿ ನೋಡುವುದು.

ಮೂರನೆಯದು ಸುಲಭವೆನ್ನಿಸಿದರೂ ಅಲ್ಲ. ಬಲಕ್ಕೆ ತಲೆ ತಿರುಗಿಸಿದಾಗ ಭುಜವೂ ತಿರುಗುತ್ತದೆ, ಭುಜ ಕೈಯನ್ನು ಎಳೆಯುತ್ತದೆ, ಕೈ ಹ್ಯಾಂಡಲ್ಲನ್ನು ಎಳೆಯುತ್ತದೆ. ನಿಮಗೆ ಅರಿವಾಗುವ ಮೊದಲೇ ಸೈಕಲ್ ರಸ್ತೆಯ ನಡುವಿಗೆ ಒಂದಡಿ ಸರಿದಿರುತ್ತದೆ. ಮೊಣಕೈ ಸಡಿಲಬಿಟ್ಟು, ಗಲ್ಲವನ್ನು ಭುಜಕ್ಕೆ ತಾಗಿಸುವ ಹಾಗೆ ತಲೆಯನ್ನಷ್ಟೇ ಹೊರಳಿಸಿ. ರಸ್ತೆಯಂಚಿನ ಬಿಳಿ ಗೆರೆಯ ಮೇಲೆ ಓಡಿಸುತ್ತಾ ಅಭ್ಯಾಸ ಮಾಡಿದರೆ ಎಷ್ಟು ಸರಿಯುತ್ತಿದ್ದೀರೆಂದು ತಿಳಿಯುತ್ತದೆ.

ಹಿಂದಿನ ರಾತ್ರಿ

ಟೈರಿನ ಪಕ್ಕದಲ್ಲಿ ಗಾಳಿಯ ಒತ್ತಡದ ಮಿತಿ ಅಚ್ಚಾಗಿರುತ್ತದೆ, ಅದರೊಳಗೆ ತುಂಬಿಸಿ. ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದೆ ತಳ್ಳಿ ನೋಡಿ. ಚಕ್ರವನ್ನು ಹಿಡಿದಿಡುವ ಕ್ವಿಕ್ ರಿಲೀಸ್ ಹಿಡಿ ಬಿಗಿಯಾಗಿದೆಯೇ ಪರೀಕ್ಷಿಸಿ. ಚೈನಿಗೆ ಎಣ್ಣೆ ಹಾಕಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ. ಸೀಟಿನ ಎತ್ತರ ಸರಿಯಿದ್ದರೆ, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ಒತ್ತಿದಾಗ ಕಾಲು ನೆಟ್ಟಗಾಗುತ್ತದೆ. ಮಂಡಿನೋವೆಂದು ದೂರುವ ಹೊಸಬರ ಸೀಟು ಹೆಚ್ಚಾಗಿ ತೀರ ಕೆಳಗಿರುತ್ತದೆ.

ಚೀಲದಲ್ಲಿ ಒಂದು ಹೆಚ್ಚುವರಿ ಟ್ಯೂಬ್, ಟೈರ್ ಬಿಚ್ಚುವ ಎರಡು ಲಿವರ್, ಸಣ್ಣ ಪಂಪ್, ಅಲೆನ್ ಕೀ ಇರಲಿ. ಟ್ಯೂಬ್ ಕೊಳ್ಳುವಾಗ ಅಳತೆಯನ್ನು ಟೈರ್ ನೋಡಿ ಹೇಳಿ. ವಾಲ್ವ್ ಯಾವುದೆಂಬುದೂ ಮುಖ್ಯ. ಸಪೂರ ಪ್ರೆಸ್ಟಾ ವಾಲ್ವ್‌ಗೆಂದು ಕೊರೆದ ರಿಮ್ಮಿನ ತೂತಿನೊಳಗೆ ಕಾರಿನ ಟೈರಿನಂಥ ದಪ್ಪ ವಾಲ್ವ್ ತೂರುವುದೇ ಇಲ್ಲ. ಯಾರದೋ ಹತ್ತಿರ ಇದ್ದೇ ಇರುತ್ತದೆ ಎಂದು ಹೋಗಬೇಡಿ, ಅವರ ಚಕ್ರದ ಅಳತೆ ಬೇರೆ ಇರಬಹುದು. ಹೆಲ್ಮೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಕಡ್ಡಾಯವೆಂದೇ ತಿಳಿಯಿರಿ. ಗುರುತಿನ ಚೀಟಿ, ರಕ್ತದ ಗುಂಪು, ಮನೆಯವರೊಬ್ಬರ ದೂರವಾಣಿ ಸಂಖ್ಯೆ ಬರೆದ ಕಾಗದ ಜೇಬಿನಲ್ಲಿರಲಿ. ಮೊಬೈಲ್ ಲಾಕ್ ಆಗಿದ್ದರೆ ಬೇರೆಯವರಿಗೆ ಉಪಯೋಗವಿಲ್ಲ.

ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಒಮ್ಮೆ ಬಿಚ್ಚಿ ಕಲಿಯಿರಿ. ಇಲ್ಲಿ ಎಲ್ಲರೂ ಮರೆಯುವ ಹೆಜ್ಜೆಯೊಂದಿದೆ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ, ಸುತ್ತಲೂ ಸವರಿ ನೋಡಬೇಕು. ಹೆದ್ದಾರಿಯ ಅಂಚಿನಲ್ಲಿ ಸಿಡಿದ ಲಾರಿ ಟೈರುಗಳಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿಗಳು ಬಿದ್ದಿರುತ್ತವೆ. ಹೊರಗಿನಿಂದ ಅವು ಕಾಣುವುದೇ ಇಲ್ಲ. ಒಳಗೆ ಚುಚ್ಚಿಕೊಂಡು ನಿಂತಿರುತ್ತವೆ. ಅದನ್ನು ಕೀಳದೆ ಹೊಸ ಟ್ಯೂಬ್ ಹಾಕಿದರೆ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅದೂ ತೂತಾಗುತ್ತದೆ.

ಸೇರುವ ಜಾಗದಲ್ಲಿ

ಹತ್ತು ನಿಮಿಷ ಮೊದಲೇ ಹೋಗಿ. ಇದು ನಿಮ್ಮ ಮೊದಲ ಗುಂಪು ಸವಾರಿ ಎಂದು ಮುಖಂಡರಿಗೆ ನೇರವಾಗಿ ಹೇಳಿ. ಹಾಗೆ ಹೇಳಿದವರನ್ನು ನೋಡಿಕೊಳ್ಳುವುದು ಅವರಿಗೂ ಸುಲಭ. ಸ್ವೀಪ್ ಯಾರೆಂದು ಕೇಳಿ, ಮುಖ ಗುರುತಿಟ್ಟುಕೊಳ್ಳಿ. ಪುಣೆಯ ಗುಂಪುಗಳಲ್ಲಿ ಅರವತ್ತು ದಾಟಿದವರು ಸಾಕಷ್ಟು ಜನ ಇರುತ್ತಾರೆ. ಎಲ್ಲರಿಗೂ ಅವರು ‘ಕಾಕಾ’. ಅವರ ಪಕ್ಕದಲ್ಲಿ ಒಂದು ಬೆಳಗು ಓಡಿಸಿ ನೋಡಿ. ಎಲ್ಲಿ ಗೇರ್ ಇಳಿಸುತ್ತಾರೆ, ಯಾವಾಗ ನೀರು ಕುಡಿಯುತ್ತಾರೆ, ಏರಿನಲ್ಲಿ ಎಷ್ಟು ಸಮಾಧಾನದಿಂದ ತುಳಿಯುತ್ತಾರೆ ಎಂಬುದನ್ನು ಗಮನಿಸಿದರೆ ಯಾವ ವೀಡಿಯೊ ಕಲಿಸದಷ್ಟು ಕಲಿಯಬಹುದು.

ಮಹಿಳೆಯರು ಹೊಸ ಗುಂಪಿಗೆ ಹೋಗುವ ಮುನ್ನ ಬೇರೆ ಯಾವ ಮಹಿಳೆಯರು ಬರುತ್ತಿದ್ದಾರೆಂದು ಕೇಳುವುದರಲ್ಲಿ ಸಂಕೋಚ ಬೇಡ. ಅದನ್ನು ಸಹಜವಾಗಿ ತೆಗೆದುಕೊಂಡು ಉತ್ತರಿಸುವ ಗುಂಪೇ ಸರಿಯಾದ ಗುಂಪು. ಮೊಬೈಲಿನ ಲೈವ್ ಲೊಕೇಶನ್ ಮನೆಯವರಿಗೆ ಕಳುಹಿಸಿರಿ. ಈ ಮಾತು ಗಂಡಸರಿಗೂ ಅನ್ವಯಿಸುತ್ತದೆ.

ರಸ್ತೆಯಲ್ಲಿ

ಇಲ್ಲಿಂದ ಮುಂದಿನದು ಈ ಲೇಖನದ ತಿರುಳು. ನಿಮ್ಮ ಸೈಕಲ್ ಒಂದು ನೇರ ಗೆರೆಯಲ್ಲಿ ಸಾಗಬೇಕು. ಗುಂಡಿ ಬಂತೆಂದು ತಟ್ಟನೆ ಬಲಕ್ಕೆ ಹಾರಿದರೆ ನಿಮಗೇನೂ ಆಗದಿರಬಹುದು, ಹಿಂದಿನವರು ಬೀಳುತ್ತಾರೆ. ದೂರದಿಂದಲೇ ಗುಂಡಿ ನೋಡಿ, ಕೈಯಿಂದ ತೋರಿಸಿ, ಮೆಲ್ಲಗೆ ಸರಿಯಿರಿ. ತಪ್ಪಿಸಲು ಆಗದಷ್ಟು ಹತ್ತಿರ ಬಂದಿದ್ದರೆ ಸೀಟಿನಿಂದ ತುಸು ಮೇಲೆದ್ದು, ಮೊಣಕೈ ಮಂಡಿ ಸಡಿಲಿಸಿ, ಗುಂಡಿಯ ಮೇಲೆಯೇ ಹೋಗಿಬಿಡಿ. ಬ್ರೇಕ್ ಹಾಕುವುದಿದ್ದರೆ ಮೊದಲು ಕೂಗಿ, ಆಮೇಲೆ ಹಾಕಿ.

ಗುಂಪು ಸವಾರಿಯಲ್ಲಿ ಬೀಳುವುದಕ್ಕೆ ದೊಡ್ಡ ಕಾರಣ ಚಕ್ರಕ್ಕೆ ಚಕ್ರ ತಾಗುವುದು. ಮುಂದಿನವರ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ಬಂದಿದ್ದು, ಅವರು ಸ್ವಲ್ಪ ಸರಿದರೆ ಅವರಿಗೆ ಬರೀ ಒಂದು ತಟ್ಟು, ಬೀಳುವವರು ನೀವು. ಏಕೆಂದರೆ ಸೈಕಲ್ಲಿನ ಸಮತೋಲವೆಲ್ಲ ಮುಂಚಕ್ರವನ್ನು ಅತ್ತಿತ್ತ ತಿರುಗಿಸುವುದರಿಂದಲೇ ಬರುತ್ತದೆ, ಆ ಕ್ಷಣ ಅದಕ್ಕೆ ತಿರುಗಲು ಜಾಗವಿರುವುದಿಲ್ಲ. ಆದ್ದರಿಂದ ಅವರ ಹಿಂದೆಯೇ ಇರಿ ಅಥವಾ ಪೂರ್ತಿ ಪಕ್ಕಕ್ಕೆ ಬನ್ನಿ. ನಡುವಿನ ಸ್ಥಿತಿ ಬೇಡ.

ಮುಂದಿನವರ ಬೆನ್ನಿಗೆ ಅಂಟಿ ಸಾಗಿದರೆ ಶ್ರಮ ಉಳಿಯುತ್ತದೆ ಎಂದು ಕೇಳಿರುತ್ತೀರಿ. ನಿಜವೇ. ಗಂಟೆಗೆ 30 ಕಿಲೋಮೀಟರ್ ಹತ್ತಿರ ಬಂದಾಗ ತುಳಿಯುವ ಬಲದಲ್ಲಿ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿರುವವರು ಅದನ್ನು ನಿಮಗಾಗಿ ಮಾಡುತ್ತಿರುತ್ತಾರೆ. ಆದರೆ 18ರ ವೇಗದಲ್ಲಿ ಅದರ ಲಾಭ ಅಲ್ಪ, ಅಪಾಯ ಮಾತ್ರ ಕಡಿಮೆಯಾಗುವುದಿಲ್ಲ. ಮೊದಲ ಕೆಲವು ತಿಂಗಳು ಎರಡು ಸೈಕಲ್ ಉದ್ದದಷ್ಟು ಅಂತರ ಬಿಡಿ. ಕಣ್ಣು ಮುಂದಿನವರ ಟೈರಿನ ಮೇಲೆ ನೆಡಬಾರದು, ಅವರ ಭುಜದ ಮೇಲಿಂದ ಮುಂದಿನ ರಸ್ತೆ ನೋಡುತ್ತಿರಬೇಕು.

ಕೂಗುಗಳು ಇಲ್ಲಿ ಮರಾಠಿಯಲ್ಲೇ ಬರುತ್ತವೆ, ಮಧ್ಯೆ ಹಿಂದಿ ಇಂಗ್ಲಿಷೂ ಇರುತ್ತದೆ. ‘ಖಡ್ಡಾ’ ಎಂದರೆ ಗುಂಡಿ. ‘ಮಾಗೂನ್ ಗಾಡಿ’ ಎಂದರೆ ಹಿಂದಿನಿಂದ ವಾಹನ ಬರುತ್ತಿದೆ. ‘ಹಳೂ’ ನಿಧಾನ, ‘ಥಾಂಬಾ’ ನಿಲ್ಲಿ, ‘ಡಾವೀಕಡೆ’ ಎಡಕ್ಕೆ, ‘ಉಜವೀಕಡೆ’ ಬಲಕ್ಕೆ. ‘ಸಿಂಗಲ್ ಲೈನ್’ ಎಂಬ ಕೂಗು ಕೇಳಿದ ಕೂಡಲೇ ಮಾತು ನಿಲ್ಲಿಸಿ ಒಬ್ಬರ ಹಿಂದೊಬ್ಬರಾಗಿ. ಕೇಳಿದ ಕೂಗನ್ನು ನೀವೂ ಕೂಗಿ ಹಿಂದಕ್ಕೆ ದಾಟಿಸಬೇಕು. ಮುಂದಿನಿಂದ ಬಂದ ‘ಖಡ್ಡಾ’ ನಿಮ್ಮ ಬಳಿ ನಿಂತರೆ ಹಿಂದಿನ ಹತ್ತು ಜನರಿಗೆ ಅದು ತಲುಪುವುದಿಲ್ಲ. ಎಡಗಡೆ ನಿಂತ ರಿಕ್ಷಾವೋ ಬಸ್ಸೋ ಇದ್ದರೆ ಎಡಗೈಯನ್ನು ಬೆನ್ನ ಹಿಂದೆ ತಂದು ಬಲಕ್ಕೆ ಬೀಸುವುದು ರೂಢಿ: ಬಲಕ್ಕೆ ಸರಿಯಿರಿ ಎಂದರ್ಥ.

ಬೆಳಗಿನ ಖಾಲಿ ರಸ್ತೆಯಲ್ಲಿ ಎದುರು ದಿಕ್ಕಿನಿಂದ ನಿಮ್ಮ ಎಡಬದಿಗೇ ಬರುವ ಸ್ಕೂಟರುಗಳು ಹೆಚ್ಚು. ಅವರು ತಪ್ಪು, ನಾವು ಸರಿ ಎಂಬ ವಾದಕ್ಕೆ ಅದು ಜಾಗವಲ್ಲ, ದಾರಿ ಬಿಟ್ಟುಕೊಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಿಸಿ ತಪ್ಪಿಸಿಕೊಳ್ಳಲು ನೋಡಬೇಡಿ. ವೇಗ ತಗ್ಗಿಸಿ, ಗಟ್ಟಿಯಾಗಿ ಗದರಿಸಿ, ಗೆರೆ ಬಿಡದೆ ಸಾಗಿ. ಮೊಬೈಲ್ ನೋಡಬೇಕೇ, ಗುಂಪಿನ ಹಿಂದಕ್ಕೆ ಬಂದು, ರಸ್ತೆಯಿಂದ ಕೆಳಗಿಳಿದು ನಿಂತು ನೋಡಿ.

ದಾರಿಯ ಆಯ್ಕೆಯ ಬಗ್ಗೆ ಎರಡು ಮಾತು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ಲಿಗೆ ಪ್ರವೇಶವಿಲ್ಲ. ಲೋಣಾವಳಾ ಕಡೆಗೆ ಹೋಗುವ ಗುಂಪುಗಳು ದೇಹೂರೋಡ್, ತಳೇಗಾಂವ್, ಕಾಮಶೇತ್ ಮೂಲಕ ಹಾದುಹೋಗುವ ಹಳೆಯ ಹೆದ್ದಾರಿ ಹಿಡಿಯುತ್ತವೆ. ಕಾತ್ರಜ್–ದೇಹೂರೋಡ್ ಬೈಪಾಸಿನ ನವಲೆ ಸೇತುವೆಯ ಇಳಿಜಾರು ಲಾರಿ ಅಪಘಾತಗಳಿಗೆ ಕುಖ್ಯಾತ. ನಿಮ್ಮ ಗುಂಪು ಆ ಕಡೆ ಹೊರಟರೆ ಸರ್ವಿಸ್ ರಸ್ತೆಯಲ್ಲಿ ಹೋಗುತ್ತದೆಯೇ ಎಂದು ಮೊದಲೇ ಕೇಳಿ. ಇಲ್ಲವೆಂದರೆ ಆ ದಿನ ಹೋಗಬೇಡಿ. ಈ ವಿಷಯದಲ್ಲಿ ದಾಕ್ಷಿಣ್ಯ ಖಂಡಿತ ಬೇಡ.

ಘಾಟ್ ಹತ್ತುವಾಗ, ಇಳಿಯುವಾಗ

ನಾಲ್ಕಾರು ಸವಾರಿ ಮುಗಿದ ಮೇಲೆ ಘಾಟ್‌ಗಳು ಬರುತ್ತವೆ. ಪುಣೆಯಲ್ಲಿ ಸೈಕಲ್ ತುಳಿಯುವ ಸುಖವೆಲ್ಲ ಇವುಗಳಲ್ಲೇ ಇದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾತ್ರಜ್‌ನ ಹಳೆಯ ಘಾಟ್, ಕೊಂಢವಾ ಕಡೆಯಿಂದ ಸಾಸವಡಕ್ಕೆ ಏರುವ ಬೋಪದೇವ್, ಹಡಪಸರದಾಚೆಯ ದಿವೇ ಘಾಟ್, ಇವೆಲ್ಲಕ್ಕೂ ಮಿಗಿಲಾಗಿ ಸಿಂಹಗಡ. ಪುಣೆ ನಗರ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದ್ದರೆ ಕೋಟೆ ಇರುವುದು ಸುಮಾರು 1,300 ಮೀಟರಿನಲ್ಲಿ. ಆ ಎತ್ತರದ ಬಹುಪಾಲು ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿ ಒಟ್ಟಾಗಿ ಎದುರಾಗುತ್ತದೆ.

ಏರಿನಲ್ಲಿ ಗುಂಪು ಚದುರುತ್ತದೆ, ಚದುರಬೇಕು. ಯಾರ ಹಿಂದೆಯೂ ಓಡದೆ ನಿಮ್ಮ ಉಸಿರಿಗೆ ಒಗ್ಗುವ ಲಯದಲ್ಲಿ ತುಳಿಯಿರಿ. ಎರಡು ಮಾತು ಆಡುವಷ್ಟು ಉಸಿರು ಉಳಿದಿದ್ದರೆ ಲಯ ಸರಿಯಿದೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ಭಾರ ಬಿದ್ದ ಮೇಲೆ ಇಳಿಸಹೋದರೆ ಚೈನ್ ಕಟಕಟನೆ ಸದ್ದು ಮಾಡಿ ಕಳಚಿಕೊಳ್ಳಬಹುದು. ಸೀಟಿನಿಂದ ಎದ್ದು ತುಳಿಯುವಾಗ ಬಹಳ ಜನರಿಗೆ ತಿಳಿಯದ ಅಪಾಯವೊಂದಿದೆ. ಮೇಲೇಳುವ ಆ ಒಂದು ಕ್ಷಣ ತುಳಿತ ನಿಂತು, ಸೈಕಲ್ ನಿಮ್ಮ ಕೆಳಗೆ ಗೇಣುದ್ದ ಹಿಂದಕ್ಕೆ ಜರುಗುತ್ತದೆ. ಬೆನ್ನಿಗೇ ಇರುವವರ ಮುಂಚಕ್ರಕ್ಕೆ ಅದು ಬಡಿಯಬಹುದು. ಒಂದು ಗೇರ್ ಬಿಗಿ ಮಾಡಿಕೊಂಡು, ಪೆಡಲ್ ಕೆಳಗೆ ಹೋಗುವ ಹೊತ್ತಿಗೆ ಸರಿಯಾಗಿ ಏಳಿ. ತುಳಿತ ಎಲ್ಲೂ ತುಂಡಾಗಬಾರದು.

ಇಳಿಯುವಾಗ ಅಂತರ ಐದಾರು ಸೈಕಲ್ ಉದ್ದಕ್ಕಿಂತ ಹೆಚ್ಚಿರಲಿ. ತಿರುವಿನ ಮೊದಲು ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟುಬಿಡಿ. ಹೊರಗಾಲು ಕೆಳಗಿದ್ದು ಅದರ ಮೇಲೆ ಭಾರ ಬಿದ್ದಿದ್ದರೆ ಟೈರಿಗೆ ಹಿಡಿತ ಹೆಚ್ಚು. ತಿರುವಿನಲ್ಲಿ ಎದುರಿನ ಬದಿಗೆ ಒಂದಿಂಚೂ ದಾಟಬೇಡಿ, ಮೇಲೇರುವ ಕಾರು ಯಾವಾಗ ಎದುರಾಗುವುದೋ ಹೇಳಲಾಗದು. ಕಾತ್ರಜ್ ಹಳೆಯ ಸುರಂಗದ ಒಳಗೆ ಹೋಗುವ ಮೊದಲು ಕಪ್ಪು ಕನ್ನಡಕ ತೆಗೆದು ದೀಪ ಹಾಕಿ. ಬಿಸಿಲಿನಿಂದ ಒಳಹೊಕ್ಕ ಕಣ್ಣಿಗೆ ಕೆಲವು ಕ್ಷಣ ಏನೂ ಕಾಣುವುದಿಲ್ಲ.

ಮಳೆಗಾಲದಲ್ಲಿ, ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಸಹ್ಯಾದ್ರಿಯ ಈ ರಸ್ತೆಗಳ ಚೆಲುವು ಹೇಳತೀರದು. ಆದರೆ ಬೇಸಿಗೆಯೆಲ್ಲ ರಸ್ತೆ ಕುಡಿದ ಎಣ್ಣೆ ಮೊದಲ ಮಳೆಗೆ ಮೇಲೆ ಬರುತ್ತದೆ; ಆ ವಾರ ಘಾಟ್ ಬೇಡ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್ ಇರುವ ಸೈಕಲ್ ಒದ್ದೆಯಾದರೆ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಬಿಳಿ ಗೆರೆ, ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ವಾಲಬೇಡಿ. ಸಿಂಹಗಡದ ರಸ್ತೆಯಲ್ಲಿ ಮಳೆಗಾಲದಲ್ಲಿ ಬಂಡೆ ಕುಸಿಯುವುದುಂಟು, ರಸ್ತೆ ಮುಚ್ಚುವುದೂ ಉಂಟು. ಹಿಂದಿನ ದಿನ ವಿಚಾರಿಸಿಯೇ ಹೊರಡಿ. ಆಷಾಢ ಏಕಾದಶಿಗೆ ಪಂಢರಪುರ ಸೇರಲು ಹೊರಟ ಜ್ಞಾನೇಶ್ವರರ ಪಾಲಕಿ ದಿವೇ ಘಾಟ್ ಹತ್ತಿ ಸಾಸವಡಕ್ಕೆ ಹೋಗುತ್ತದೆ. ಆ ದಿನಗಳಲ್ಲಿ ರಸ್ತೆ ಕಾಲ್ನಡಿಗೆಯ ಯಾತ್ರಿಕರಾದ ವಾರಕರಿಗಳದ್ದು.

ತಿಂಡಿ, ನೀರು, ಕೆಟ್ಟ ಗಳಿಗೆ

ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಒಂದೂವರೆ ಗಂಟೆ ದಾಟುವ ಸವಾರಿಯಾದರೆ ಅರ್ಧ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳಿ. ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ, ಖರ್ಜೂರ ಸಾಕು. ದುಬಾರಿ ಜೆಲ್ ಬೇಕಿಲ್ಲ. ಹೋಗುವಾಗ ಪೋಹೆ, ಚಹಾ ಸರಿ. ಮಿಸಳ್ ಮಾತ್ರ ಸವಾರಿ ಮುಗಿದ ಮೇಲೆ ಇರಲಿ, ಆ ಖಾರದ ಕಟ್ ಹೊಟ್ಟೆಯಲ್ಲಿಟ್ಟುಕೊಂಡು ಏರು ತುಳಿಯುವುದು ಕಷ್ಟ. ಸಿಂಹಗಡದ ಮೇಲೆ ಪಿಠಲ ಭಾಕರಿ, ಕುಡಿಕೆಯ ಮೊಸರು ತಿನ್ನದೆ ಇಳಿಯಬೇಡಿ. ಉತ್ತರ ಕರ್ನಾಟಕದವರಿಗೆ ಅದು ಮನೆಯ ಜುಣಕ, ರೊಟ್ಟಿಯೇ. ಬಿಲ್ಲನ್ನು ಒಬ್ಬರು ಕೊಟ್ಟರೆ ನಿಮ್ಮ ಪಾಲನ್ನು ಅಲ್ಲೇ ಕಳುಹಿಸಿಬಿಡಿ. ನಗರಕ್ಕೆ ಮರಳಿ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ನಿಲ್ಲುವ ಗುಂಪಾದರೆ ನಿಮ್ಮ ಅದೃಷ್ಟ. ನಮ್ಮ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟಿಯವರು ಬೆಳೆಸಿದ ವೈಶಾಲಿ ಹೋಟೆಲ್ ಅಲ್ಲೇ ಇದೆ.

ದಣಿವಾದರೆ ಹೇಳಿ. ಮರಳಬೇಕೆನಿಸಿದರೆ ಸ್ವೀಪ್‌ಗೆ ಹೇಳಿಯೇ ಮರಳಿ. ಹೇಳದೆ ಹೊರಟುಹೋದವರಿಗಾಗಿ ಇಡೀ ಗುಂಪು ಗಂಟೆಗಟ್ಟಲೆ ಹುಡುಕಾಡುವುದು ನಡೆಯುತ್ತಲೇ ಇರುತ್ತದೆ. ಯಾರಾದರೂ ಬಿದ್ದರೆ ಮೊದಲು ಒಬ್ಬರು ಹಿಂದಕ್ಕೆ ಹೋಗಿ ವಾಹನಗಳನ್ನು ನಿಧಾನ ಮಾಡಿಸಬೇಕು, ಉಳಿದವರು ಸೈಕಲ್‌ಗಳನ್ನು ರಸ್ತೆಯಿಂದ ಸರಿಸಬೇಕು. ತಲೆಗೆ ಪೆಟ್ಟಾದವರನ್ನು ಎಬ್ಬಿಸಲು, ಹೆಲ್ಮೆಟ್ ಎಳೆಯಲು ಹೋಗಬೇಡಿ. ಆಂಬುಲೆನ್ಸ್‌ಗೆ 108, ತುರ್ತು ನೆರವಿಗೆ 112. ಎದ್ದು ನಿಂತು ‘ನನಗೇನೂ ಆಗಿಲ್ಲ’ ಎನ್ನುವವರನ್ನೂ ಆ ದಿನ ಸೈಕಲ್ ಮೇಲೆ ಮನೆಗೆ ಕಳುಹಿಸಬಾರದು.

ಮುಂದಿನ ದೂರ

ನೂರು ಕಿಲೋಮೀಟರ್ ಸಲೀಸಾಗಿ ಮುಗಿಸುವಂತಾದಾಗ ಬ್ರೆವೆಯ ಮಾತು ಕಿವಿಗೆ ಬೀಳುತ್ತದೆ. ನಮ್ಮ ದೇಶದಲ್ಲಿ ಆಡಾಕ್ಸ್ ಇಂಡಿಯಾ ರಾಂಡನರ್ಸ್ ಅಡಿಯಲ್ಲಿ ನಡೆಯುವ ಈ ದೀರ್ಘ ಸವಾರಿಗಳು ಪುಣೆಯಿಂದಲೂ ಹೊರಡುತ್ತವೆ. ಇದರಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂಬುದಿಲ್ಲ. ಗೊತ್ತಾದ ಅವಧಿಯೊಳಗೆ ಮುಗಿಸಿದರಾಯಿತು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ನಡುವಿನ ನಿಯಂತ್ರಣ ಕೇಂದ್ರಗಳಲ್ಲಿ ಹಾಜರಿ ಹಾಕಿಸಬೇಕು. ಹಿಂದೆ ಬರುವ ಕಾರು, ನೆರವಿನ ತಂಡ ಇರುವುದಿಲ್ಲ. ನಿಮ್ಮ ಪಂಕ್ಚರ್ ನೀವೇ ಹಾಕಿಕೊಳ್ಳಬೇಕು, ನಿಮ್ಮ ಊಟ ನೀವೇ ಹುಡುಕಿಕೊಳ್ಳಬೇಕು. ಮೊದಲ 200ಕ್ಕೆ ನವೆಂಬರ್‌ನಿಂದ ಫೆಬ್ರವರಿಯ ಒಳಗಿನ ದಿನ ಆರಿಸಿ, ಬಿಸಿಲು ಹಿತವಾಗಿರುತ್ತದೆ. ಹಗಲೇ ಮುಗಿಸುವ ಅಂದಾಜಿದ್ದರೂ ಪ್ರತಿಫಲಿಸುವ ಜಾಕೆಟ್, ಹಿಂದೆ ಮುಂದೆ ದೀಪ ಕಟ್ಟಿಕೊಳ್ಳಿ, ಬ್ಯಾಟರಿಯನ್ನು ಹಿಂದಿನ ರಾತ್ರಿ ಪೂರ್ತಿ ತುಂಬಿಸಿ. ನಿಮ್ಮ ಗುಂಪಿನಿಂದ ಇನ್ನೊಬ್ಬರು ಜೊತೆಗೆ ಹೆಸರು ಕೊಟ್ಟರೆ ಉತ್ತಮ, ಅವರು ನಿಮ್ಮದೇ ವೇಗದವರಾಗಿದ್ದರೆ ಇನ್ನೂ ಉತ್ತಮ.